ಒಂದು ಗಂಟೆ ಹನ್ನೆರಡು ನಿಮಿಷ

ನನ್ನ ಮಾವನವರಿಗೆ ಭೂಗೋಳದ ಮೇಲೆ ಗೌರವವಿಲ್ಲ. ಮದುವೆಯಾದ ದಿನದಿಂದ ನಾನು ನುಂಗಿಕೊಂಡು ಬಂದಿರುವ ಸಂಕಟ ಇದು. ಅವರು ಚನ್ನರಾಯಪಟ್ಟಣದ ಕೊಬ್ಬರಿ ಮಂಡಿ ಚನ್ನಬಸವಯ್ಯನವರು. ನಾನು ಹೊಳೆನರಸೀಪುರದ ಮಿಡ್ಲ್‌ಸ್ಕೂಲಿನಲ್ಲಿ ಹದಿನಾಲ್ಕು ವರ್ಷದಿಂದ ಭೂಗೋಳ ಹೇಳುತ್ತಿರುವ ಈಶ್ವರಯ್ಯ. ಭೂಮಿ ಗುಂಡಗಿದೆ ಅಂತ ಒಮ್ಮೆ ಊಟದ ಹೊತ್ತಿನಲ್ಲಿ ಅವರಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡರು. ಆಮೇಲೆ, ತೆಂಗಿನಕಾಯಿಯೂ ಗುಂಡಗಿದೆ ಅಳಿಯಂದ್ರೇ, ಆದರೆ ಅದನ್ನ ಮಾರಬಹುದು ಅಂದರು. (ಅದಾದ ಮೇಲೆ ಆ ಮನೆಯಲ್ಲಿ ನಾನು ಗ್ರಹಣದ ವಿಷಯ ಎತ್ತಿಲ್ಲ.)

ಅವರ ಮಗಳು ಬಸವಲಿಂಗಮ್ಮ ನನ್ನ ಧರ್ಮಪತ್ನಿ. ಪೂರ್ವಕ್ಕೆ ಚನ್ನರಾಯಪಟ್ಟಣ, ಪಶ್ಚಿಮಕ್ಕೆ ಅರಕಲಗೂಡು, ಉತ್ತರಕ್ಕೆ ಹಾಸನ, ಇಷ್ಟೇ ಅವಳ ಭೂಮಂಡಲ. ಅವಳಿಗೆ ನನ್ನ ಮೇಲೆ ಗೌರವವಿದೆ. ನಾನು ಹೇಳುವ ಮಾತಿನ ಮೇಲೆ ಇಲ್ಲ. ಎರಡನ್ನೂ ಬೇರೆ ಬೇರೆ ಇಟ್ಟುಕೊಂಡು ಹತ್ತೊಂಬತ್ತು ವರ್ಷ ಸಂಸಾರ ಮಾಡಿದವಳು.

ಯುದ್ಧ ಮುಗಿದು ಎರಡನೇ ವರ್ಷ. ನಲವತ್ತೇಳನೇ ಇಸವಿ ಫೆಬ್ರವರಿಯಲ್ಲಿ ಮದರಾಸಿನಿಂದ ಅವಳ ತಮ್ಮ ಷಡಕ್ಷರಿಯ ಕಾಗದ ಬಂತು. ಅವನು ಅಲ್ಲಿ ಒಂದು ಎಣ್ಣೆ ಕಂಪನಿಯಲ್ಲಿ ದೊಡ್ಡ ಕೆಲಸದಲ್ಲಿದ್ದಾನೆ. ಅವನಿಗೆ ಎರಡು ಮಕ್ಕಳು ಹುಟ್ಟಿ ದಕ್ಕಿರಲಿಲ್ಲ. ಹನ್ನೊಂದು ವರ್ಷದ ಮೇಲೆ ಈಗ ಒಂದು ಹೆಣ್ಣು ಮಗು. ಬರುವ ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ತೊಟ್ಟಿಲಿಗೆ ಹಾಕುತ್ತೇವೆ, ಸೋದರತ್ತೆಯೇ ಬಂದು ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು, ಅಕ್ಕ ಬಾರದಿದ್ದರೆ ತೊಟ್ಟಿಲೇ ಕಟ್ಟೋದಿಲ್ಲ ಅಂತ ಬರೆದಿದ್ದ. ಅದೇ ಲಕೋಟೆಯಲ್ಲಿ ನಮ್ಮಿಬ್ಬರಿಗೂ ಒಂದೊಂದು ಟಿಕೆಟ್ಟು. ರೈಲಿನದಲ್ಲ, ವಿಮಾನದ್ದು. ಬುಧವಾರ ಮಧ್ಯಾಹ್ನ ಮೂರು ಗಂಟೆಗೆ ಬೆಂಗಳೂರಿನಿಂದ ಮದರಾಸಿಗೆ.

ಬಸವಲಿಂಗಮ್ಮ ಕಾಗದವನ್ನು ಎರಡು ಸಲ ಓದಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ವಿಮಾನದ ಬಗ್ಗೆ ಅವಳು ಕೇಳಿದ್ದು ಒಂದೇ ಪ್ರಶ್ನೆ, ಅದು ಮಧ್ಯೆ ಎಲ್ಲಾದರೂ ನಿಲ್ಲುತ್ತಾ ಅಂತ. ಎಲ್ಲೂ ನಿಲ್ಲೋದಿಲ್ಲ ಅಂದೆ. ಹಾಗಾದರೆ ಬಸ್ಸಿಗಿಂತ ವಾಸಿ ಅಂತ ಹೇಳಿ ಒಳಗೆ ಹೋದಳು.

ನಾನು ಮಾತ್ರ ನಿಂತಲ್ಲೇ ನಿಂತಿದ್ದೆ. ಹದಿನಾಲ್ಕು ವರ್ಷ ಗೋಡೆಯ ಮೇಲಿನ ನಕ್ಷೆಯಲ್ಲಿ ಕೋಲು ಹಿಡಿದು ಓಡಾಡಿದ್ದ ನನಗೆ ಕಡೆಗೂ ಅದರ ಮೇಲೆ ನಿಜವಾಗಿ ಓಡಾಡುವ ಯೋಗ ಬಂದಿತ್ತು. ಮಾರನೇ ದಿನ ಸ್ಕೂಲಿನ ದೊಡ್ಡ ನಕ್ಷೆಯನ್ನು ಕೆಳಗಿಳಿಸಿದೆ. ಬೆಂಗಳೂರಿನ ಚುಕ್ಕೆಯಿಂದ ಮದರಾಸಿನ ಚುಕ್ಕೆಗೆ ದಾರ ಎಳೆದು ಹಿಡಿದು ಅಳತೆ ಮಾಡಿದೆ. ನೂರ ಎಂಬತ್ತು ಮೈಲಿ. ವಿಮಾನದ ವೇಗ ಗಂಟೆಗೆ ನೂರೈವತ್ತು ಮೈಲಿ ಅಂತ ಪೇಪರಿನಲ್ಲಿ ಓದಿದ್ದೆ. ಭಾಗಿಸಿದರೆ ಒಂದು ಗಂಟೆ ಹನ್ನೆರಡು ನಿಮಿಷ. ದಾರ ಹತ್ತಿಯದಾದ್ದರಿಂದ ಎಳೆದಾಗ ಒಂದಿಷ್ಟು ಹಿಗ್ಗಿರಬಹುದೆಂಬ ಅನುಮಾನ ಬಂದು, ಅದನ್ನು ಬಿಟ್ಟು ಸೆಣಬಿನ ದಾರದಲ್ಲಿ ಇನ್ನೊಂದು ಸಲ ಅಳೆದೆ. ಒಂದು ಗಂಟೆ ಹನ್ನೆರಡು ನಿಮಿಷವೇ.

ಈ ಹನ್ನೆರಡು ನಿಮಿಷ ನನ್ನ ತಲೆಗೇರಿತು ಅಂತ ಈಗ ಒಪ್ಪಿಕೊಳ್ಳುತ್ತೇನೆ. ಸ್ಕೂಲಿನಲ್ಲಿ ಹೇಳಿದೆ. ಕ್ಷೌರದಂಗಡಿಯಲ್ಲಿ ಹೇಳಿದೆ. ತಾಲ್ಲೂಕು ಕಚೇರಿಯ ಮುಂದೆ ಸುಮ್ಮನೆ ಹಾದುಹೋಗಿ, ಕೇಳಿದವರಿಗೆ ಹೇಳಿದೆ. ಕೇಳದವರಿಗೂ ಹೇಳಿದೆ. ಊರಿನಲ್ಲಿ ಯಾರೂ ವಿಮಾನ ಹತ್ತಿದವರಿರಲಿಲ್ಲ. ಯುದ್ಧದ ಕಾಲದಲ್ಲಿ ತಲೆಯ ಮೇಲೆ ಹಾರಿದ್ದನ್ನು ಕತ್ತೆತ್ತಿ ನೋಡಿದ್ದರು, ಅಷ್ಟೇ. ನಮ್ಮ ಹೆಡ್‌ಮಾಸ್ಟರು ನಂಜಯ್ಯನವರು, ನೀವು ಹೊರಡುವ ಮುಂಚೆ ಮಂಗಳವಾರ ಸಂಜೆ ಸ್ಕೂಲಿನ ಹಾಲಿನಲ್ಲಿ ಒಂದು ಭಾಷಣ ಮಾಡಿಬಿಡಿ ಈಶ್ವರಯ್ಯ, ಅಮಲ್ದಾರರನ್ನೂ ಕರೆಯೋಣ ಅಂದರು. ಬೇಡ ಅನ್ನಲು ಬಾಯಿ ತೆರೆದೆ. ಆಗಲಿ ಅಂತ ಬಂತು.

ತೊಂದರೆ ಶುರುವಾದದ್ದು ಇಲ್ಲಿಂದ. ಬಸವಲಿಂಗಮ್ಮ ಸೋಮವಾರವೇ ಹೊರಡೋಣ ಅಂತ ಟ್ರಂಕು ಕಟ್ಟಿ ಕೂತಿದ್ದಳು. ರೈಲಾದರೆ ಅರಸೀಕೆರೆ ಸುತ್ತಿ ಹೋಗಬೇಕು, ಅದಕ್ಕೆ ಬಸ್ಸಿನಲ್ಲಿ ಚನ್ನರಾಯಪಟ್ಟಣಕ್ಕೆ ಹೋಗಿ ತೌರಿನಲ್ಲಿ ಇಳಿಯುವುದು, ಮಂಗಳವಾರ ಅಪ್ಪನ ಜೊತೆ ಬೆಂಗಳೂರಿಗೆ ಹೋಗಿ ಚಿಕ್ಕಪೇಟೆಯ ನೆಂಟರ ಮನೆಯಲ್ಲಿ ಉಳಿಯುವುದು, ಬುಧವಾರ ಬೆಳಿಗ್ಗೆಯೇ ವಿಮಾನದ ಜಾಗಕ್ಕೆ ಹೋಗಿ ಕೂರುವುದು, ಇದು ಅವಳ ಏರ್ಪಾಡು. ಕೇಳಿ ನಕ್ಕುಬಿಟ್ಟೆ. ಒಂದು ಗಂಟೆ ಹನ್ನೆರಡು ನಿಮಿಷದ ಪ್ರಯಾಣಕ್ಕೆ ಮೂರು ದಿನದ ಸಿದ್ಧತೆ ಮಾಡುವ ಜನ ಇರೋದರಿಂದಲೇ ದೇಶ ಹಿಂದುಳಿದಿದೆ ಅಂದೆ.

ಅವಳು ನಗಲಿಲ್ಲ. ಬಾಗಿಲ ಹಿಂದೆ ನಾನು ಸೀಮೆಸುಣ್ಣದಲ್ಲಿ ಬರೆದಿದ್ದ ಲೆಕ್ಕದ ಕಡೆ ತಿರುಗಿ, ಬೆಂಗಳೂರಿಂದ ಮದರಾಸಿಗೆ ಅಷ್ಟಾಯ್ತು, ನಮ್ಮ ಬಾಗಿಲಿನಿಂದ ಬೆಂಗಳೂರಿಗೆ ಎಷ್ಟು ಅಂತ ಕೇಳಿದಳು.

"ಅದು ಭೂಗೋಳ ಅಲ್ಲ ಕಣೇ," ಅಂದೆ, "ಅದು ಕೆಂಪಣ್ಣನ ಬಸ್ಸು."

"ಅದಕ್ಕೇ ಕೇಳಿದ್ದು," ಅಂದಳು.

ಅದನ್ನೂ ಲೆಕ್ಕ ಹಾಕಿ ತೋರಿಸಿದೆ. ಬುಧವಾರ ಬೆಳಿಗ್ಗೆ ಐದು ಗಂಟೆಗೆ ಬಸ್ಸು, ಆರೂವರೆಗೆ ಚನ್ನರಾಯಪಟ್ಟಣ, ಏಳಕ್ಕೆ ಅಲ್ಲಿಂದ ಬೆಂಗಳೂರು ಬಸ್ಸು, ಹನ್ನೆರಡಕ್ಕೆ ಬೆಂಗಳೂರು. ಇನ್ನೂ ಮೂರು ಗಂಟೆ ಮಿಗುತ್ತೆ, ಆ ಹೊತ್ತಿನಲ್ಲಿ ಹೋಟ್ಲಲ್ಲಿ ದೋಸೆ ತಿಂದು ಲಾಲ್‌ಬಾಗಿನಲ್ಲಿ ಒಂದು ಸುತ್ತು ಹಾಕಬಹುದು. ಕಾಗದದ ಮೇಲೆ ಎಲ್ಲೂ ಒಂದು ತಪ್ಪಿರಲಿಲ್ಲ. ಅವಳು ಕಾಗದ ನೋಡಲೇ ಇಲ್ಲ. ಹಾಗಾದರೆ ನಾನು ಮುಂಚೆ ಹೋಗಿರ್ತೀನಿ, ನೀವು ಭಾಷಣ ಮುಗಿಸಿ ಬನ್ನಿ ಅಂದಳು. ಹೋದ ವರ್ಷ ಮೈಸೂರಿಗೆ ಹೋದಾಗ ರೈಲಿನ ಟಿಕೆಟ್ಟು ಕಳೆದದ್ದು ಯಾರು ಅಂತ ನೆನಪಿಸಿ, ಎರಡು ಟಿಕೆಟ್ಟೂ ಇದ್ದ ಲಕೋಟೆಯನ್ನು ತನ್ನ ಟ್ರಂಕಿನ ತಳದಲ್ಲಿಟ್ಟು ಬೀಗ ಹಾಕಿದಳು. ನಾನು ಗಂಡಸಿನ ಗಂಭೀರ ದನಿಯಲ್ಲಿ, ಏನೇ ಆಗಲಿ ನಾನು ಬರುವವರೆಗೆ ವಿಮಾನ ಹತ್ತಕೂಡದು ಅಂತ ಅಪ್ಪಣೆ ಮಾಡಿದೆ.

ಅವಳು ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹೆಸರಿಡೋಕೆ ಸೋದರತ್ತೆ ಬೇಕು. ಸೋದರತ್ತೆ ಗಂಡ ಬೇಕೂಂತ ಯಾವ ಶಾಸ್ತ್ರದಲ್ಲೂ ಇಲ್ಲ. ಹೊತ್ತಿಗೆ ಬಂದುಬಿಡಿ."

ಸೋಮವಾರ ಹೊರಟುಹೋದಳು. ಮಂಗಳವಾರ ಸಂಜೆ ನನ್ನ ವ್ಯೋಮಯಾನ ಪ್ರವಚನ ನಡೆಯಿತು. ಹಾಲು ತುಂಬಿ ಜನ ಕಿಟಕಿಯ ಸರಳು ಹಿಡಿದು ನಿಂತಿದ್ದರು. ನಾನು ಮದುವೆಯ ಕರೀ ಕೋಟು ಹಾಕಿಕೊಂಡು, ವಿಮಾನ ಗಾಳಿಯ ಮೇಲೆ ಹೇಗೆ ನಿಲ್ಲುತ್ತೆ ಅಂತ ಒಂದೂವರೆ ಗಂಟೆ ಹೇಳಿದೆ. (ವಿಮಾನವೇ ಮದರಾಸು ತಲುಪಿ ಹದಿನೆಂಟು ನಿಮಿಷ ಸುಧಾರಿಸಿಕೊಳ್ಳುತ್ತಿತ್ತು.) ಅಮಲ್ದಾರರು ಹಾರ ಹಾಕಿದರು. ಹಿಂದಿನ ಬೆಂಚಿನಿಂದ ಯಾರೋ, ಮೇಷ್ಟ್ರು ಗಾಳಿ ವಿಷಯ ಅಂದ್ರೆ ಎಷ್ಟು ಹೊತ್ತಾದರೂ ಬಿಡ್ತಾರೆ ಅಂದದ್ದು ಕೇಳಿಸಿತು. ಹೊಗಳಿಕೆ ಅಂತ ತೆಗೆದುಕೊಂಡೆ.

ಬುಧವಾರ ಐದಕ್ಕೆ ಐದು ನಿಮಿಷವಿದ್ದಾಗ ಬಸ್ಸಿನ ಬಳಿ ಹೋದೆ. ಕೆಂಪಣ್ಣ ಬಸ್ಸಿನ ಹಿಂದೆ ಕೂತು ಒಲೆ ಊದುತ್ತಿದ್ದ. ಪೆಟ್ರೋಲು ಸಿಗದ ಕಾಲದಲ್ಲಿ ಬಸ್ಸುಗಳ ಬೆನ್ನಿಗೆ ಒಂದು ಹಂಡೆ ಕಟ್ಟಿ, ಅದರಲ್ಲಿ ಇದ್ದಿಲು ಉರಿಸಿ, ಆ ಹೊಗೆಯ ಬಲದಲ್ಲಿ ಓಡಿಸುತ್ತಿದ್ದರಲ್ಲ, ಆ ಜಾತಿಯ ಬಸ್ಸು ಅದು. ಹಿಂದಿನ ರಾತ್ರಿಯ ಮಂಜಿಗೆ ಇದ್ದಿಲು ತೇವವಾಗಿತ್ತು. ಕಿಡಿ ಹತ್ತಿ, ಹೊಗೆ ಬಂದು, ಕೆಂಪಣ್ಣನ ಕಣ್ಣು ಕೆಂಪಾಗಿ, ಬಸ್ಸು ಅಲುಗಾಡುವ ಹೊತ್ತಿಗೆ ಆರು ಗಂಟೆ. ಚಿಂತೆಯಿಲ್ಲ, ಬೆಂಗಳೂರಿನ ಬಸ್ಸೂ ತಡವಾಗೇ ಹೊರಡುತ್ತೆ, ಮಿಕ್ಕ ಮೂರು ಗಂಟೆಯಲ್ಲಿ ಒಂದು ಗಂಟೆ ಖರ್ಚಾಯಿತು ಅಂದುಕೊಂಡೆ. ಲಾಲ್‌ಬಾಗ್ ಬಿಟ್ಟೆ.

ಊರು ಬಿಟ್ಟು ನಾಲ್ಕು ಮೈಲಿಗೆ ಒಂದು ಏರು ಬಂತು. ಏರು ಅಂದರೆ ಅಂಥದ್ದೇನಲ್ಲ, ಯಾವ ನಕ್ಷೆಯಲ್ಲೂ ಅದಕ್ಕೆ ಗುರುತಿಲ್ಲ. ಬಸ್ಸಿಗೆ ಮಾತ್ರ ಗುರುತಿತ್ತು. ಅರ್ಧ ಏರಿ ನಿಂತುಕೊಂಡಿತು. ಎಲ್ಲರೂ ಇಳಿದು ತಳ್ಳತೊಡಗಿದರು. ನಾನು ಕರೀ ಕೋಟಿನ ಗೌರವ ಕಾಪಾಡಿಕೊಂಡು ಒಳಗೇ ಕೂತಿದ್ದೆ. ಕೆಂಪಣ್ಣ ಕಿಟಕಿಗೆ ಬಂದು ತಲೆ ಹಾಕಿದ.

"ಇಮಾನದ ಮೇಷ್ಟ್ರೇ, ಇಳ್ದು ಒಸಿ ಕೈ ಕೊಡಿ ಸಾ. ಒಳಗ್ ಕುಂತ್ಕಂಡು ತಳ್ಳಕಾಗಲ್ಲ ಕಣ್ ಸಾ."

ಇಳಿದೆ, ತಳ್ಳಿದೆ. ಆ ದಾರಿಯಲ್ಲಿ ಒಟ್ಟು ಐದು ಏರು ಇವೆ ಅಂತ ನನಗೆ ತಿಳಿದದ್ದು ಅವತ್ತು. ಮೂರನೆಯದರಲ್ಲಿ ಹಂಡೆಯೊಳಗೆ ಬೂದಿ ಕಟ್ಟಿಕೊಂಡು, ಅದನ್ನು ಸುರಿದು, ಹೊಸದಾಗಿ ಒಲೆ ಹಚ್ಚಬೇಕಾಯಿತು. ಜೊತೆಗೆ ತಳ್ಳುತ್ತಿದ್ದ ರೈತನೊಬ್ಬ, ವಿಮಾನ ನಿಂತರೂ ಹಿಂಗೇ ತಳ್ತಾರಾ ಸಾ, ಕಾಲು ಊರೋಕೆ ಏನಿರ್ತದೆ ಅಂತ ಬಹಳ ಶ್ರದ್ಧೆಯಿಂದ ಕೇಳಿದ. ಹಿಂದಿನ ಸಂಜೆ ನೂರು ಪ್ರಶ್ನೆಗೆ ಉತ್ತರ ಕೊಟ್ಟ ನಾನು ತಲೆ ತಗ್ಗಿಸಿ ಇನ್ನೂ ಜೋರಾಗಿ ತಳ್ಳಿದೆ.

ಚನ್ನರಾಯಪಟ್ಟಣ ಸೇರಿದಾಗ ಹತ್ತು ಗಂಟೆ. ಬೆಂಗಳೂರಿನ ಬಸ್ಸು ಹೋಗಿ ಮೂರು ಗಂಟೆಯಾಗಿತ್ತು. ಮಾವನವರ ಮಂಡಿಗೆ ಓಡಿದೆ. ಅವರು ಮಗಳ ಜೊತೆ ನಿನ್ನೆಯೇ ಹೋಗಿದ್ದರು. ಪುಣ್ಯಕ್ಕೆ ಅವರ ತೆಂಗಿನಕಾಯಿ ಲಾರಿ ಬೆಂಗಳೂರಿಗೆ ಹೊರಡುವುದರಲ್ಲಿತ್ತು. ಮುಂದೆ ಡ್ರೈವರನ ಪಕ್ಕ ಆಗಲೇ ಇಬ್ಬರು ದಲ್ಲಾಳಿಗಳು ಕೂತಿದ್ದರು. ಭೂಗೋಳದ ಮೇಷ್ಟ್ರಾದ ನಾನು ಮೂಟೆಗಳ ಮೇಲೆ ಹತ್ತಿ ಕೂತೆ. ತೊಂಬತ್ತು ಮೈಲಿ. ತೆಂಗಿನಕಾಯಿ ಗುಂಡಗಿದೆ ಅಂತ ನನ್ನ ಮಾವನವರು ಹೇಳಿದ ಮಾತನ್ನು ನನ್ನ ದೇಹ ಆ ತೊಂಬತ್ತು ಮೈಲಿಯೂ ಒಪ್ಪಿಕೊಂಡಿತು. ಲಾರಿ ಮಾರ್ಕೆಟ್ಟಿಗೆ ಬಂದಾಗ ಒಂದೂಮುಕ್ಕಾಲು. ಅಲ್ಲಿಂದ ಜಟಕಾ ಹಿಡಿದೆ. ವಿಮಾನದ ಜಾಗ ಊರಾಚೆ ಏಳೆಂಟು ಮೈಲಿ ಇದೆ ಅನ್ನುವುದು ನನ್ನ ದಾರಕ್ಕೆ ಗೊತ್ತಿರಲಿಲ್ಲ. ನಕ್ಷೆಯಲ್ಲಿ ಊರೂ ಅದೂ ಎಲ್ಲ ಸೇರಿ ಒಂದೇ ಚುಕ್ಕೆ. ಜಟಕಾದವನು ಕುದುರೆಗೆ ನೀರು ಕುಡಿಸಬೇಕೆಂದು ಎರಡು ಕಡೆ ನಿಲ್ಲಿಸಿದ.

ಮೂರಕ್ಕೆ ಹತ್ತು ನಿಮಿಷವಿದ್ದಾಗ ನಿಲ್ದಾಣದ ಕಟ್ಟಡದೊಳಕ್ಕೆ ಬಿದ್ದೆ. ಕೋಟಿನ ತುಂಬ ತೆಂಗಿನ ನಾರು, ಮುಖದ ತುಂಬ ಇದ್ದಿಲಿನ ಮಸಿ. ಮೇಜಿನ ಹಿಂದೆ ಒಬ್ಬ ಗುಮಾಸ್ತ, ಅವನ ಪಕ್ಕದಲ್ಲಿ ಮಂಡಿಯಲ್ಲಿ ಇರುವಂಥದೇ ದೊಡ್ಡ ತೂಕದ ಯಂತ್ರ. ಆಗ ವಿಮಾನ ಹತ್ತುವವರನ್ನೆಲ್ಲ ಸಾಮಾನಿನ ಹಾಗೇ ತೂಗಿ ಬರೆದುಕೊಳ್ಳುತ್ತಿದ್ದರು. ನಾನು ಹೆಸರು ಹೇಳಿದೆ. ಹೊಳೆನರಸೀಪುರದ ಈಶ್ವರಯ್ಯ.

ಗುಮಾಸ್ತ ಪಟ್ಟಿ ನೋಡಿ, ಈಶ್ವರಯ್ಯನವರೂ ಅವರ ಕಡೆಯ ಹೆಂಗಸರೂ ಆಗಲೇ ಹೋದರಲ್ಲ ಅಂದ.

ನಾನೇ ಈಶ್ವರಯ್ಯ ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಪಟ್ಟಿಯನ್ನು ನನ್ನ ಕಡೆ ತಿರುಗಿಸಿದ. ನನ್ನ ಹೆಸರಿನ ಮುಂದೆ ಇನ್ನೂರ ನಾಲ್ಕು ಪೌಂಡು ಅಂತ ಬರೆದಿತ್ತು. ಅಷ್ಟು ಪೌಂಡು ತೂಗುವ ಈಶ್ವರಯ್ಯ ಯಾರು ಅಂತ ನಾನು ಯೋಚಿಸುತ್ತಿರುವಾಗಲೇ ಅವನು ನನ್ನನ್ನು ಯಂತ್ರದ ಮೇಲೆ ನಿಲ್ಲಿಸಿದ. ನೂರ ಹದಿನೆಂಟು. (ಅದರಲ್ಲಿ ನಾರೇ ಎರಡು ಪೌಂಡಾದರೂ ಇದ್ದೀತು.)

"ಸ್ವಾಮೀ," ಅಂದ ಗುಮಾಸ್ತ, ಬಹಳ ಮರ್ಯಾದೆಯಿಂದ, "ನೀವು ಈಶ್ವರಯ್ಯನವರಿಗಿಂತ ಎಂಬತ್ತಾರು ಪೌಂಡು ಕಮ್ಮಿ ಇದ್ದೀರಿ."

ಆಗ ಕಿಟಕಿಯಾಚೆ ಕಣ್ಣು ಹೋಯಿತು. ಬಯಲಿನಲ್ಲಿ ವಿಮಾನ ನಿಂತಿತ್ತು. ರುಮಾಲು ಸುತ್ತಿ, ಕಚ್ಚೆ ಎತ್ತಿ ಕಟ್ಟಿ, ಹಣೆಗೆ ವಿಭೂತಿ ಬಳಿದ ಮಹಾಕಾಯವೊಂದು ಅದರ ಏಣಿ ಏರುತ್ತಿತ್ತು. ನನ್ನ ಮಾವನವರು. ದುಡ್ಡು ಕೊಟ್ಟ ಜಾಗ ಖಾಲಿ ಹೋಗುವುದನ್ನು ಅವರು ಜನ್ಮದಲ್ಲಿ ಕಂಡವರಲ್ಲ. ಲಾರಿಯ ಮೂಲೆಯಲ್ಲಿ ಗೇಣು ಜಾಗ ಉಳಿದರೆ ನಾಲ್ಕು ಕಾಯಿ ತುರುಕಿಸುವವರು. ಅಳಿಯ ಬರಲಿಲ್ಲ ಅಂತ ನನ್ನ ಜಾಗಕ್ಕೆ ತಮ್ಮನ್ನೇ ತುರುಕಿಕೊಂಡಿದ್ದರು, ನನ್ನ ಹೆಸರಿನಲ್ಲೇ.

ನಾನು ಕೂಗಬಹುದಾಗಿತ್ತು. ಬಾಯಿಯೂ ತೆರೆದಿತ್ತು. ಅಷ್ಟರಲ್ಲಿ ಮಾವನವರ ಹಿಂದೆ ಏಣಿಯ ಬುಡದಲ್ಲಿ ನಿಂತಿದ್ದ ಬಸವಲಿಂಗಮ್ಮ ಕಟ್ಟಡದ ಕಡೆ ತಿರುಗಿದಳು. ಇನ್ನೂ ನನ್ನನ್ನೇ ಹುಡುಕುತ್ತಿದ್ದಳು. ಕಂಡಳು. ಕಂಡವಳು ಮೇಲೂ ಹತ್ತಲಿಲ್ಲ, ಕೆಳಗೂ ಬರಲಿಲ್ಲ, ಕೈಯಲ್ಲಿದ್ದ ಪುಟ್ಟ ಗಂಟನ್ನು ಎದೆಗೆ ಒತ್ತಿಕೊಂಡು ನಿಂತುಬಿಟ್ಟಳು. ಅದರೊಳಗೆ ಮಗುವಿಗೆಂದು ಅವಳು ಹದಿನೈದು ದಿನ ಕೂತು ಹೊಲಿದ ಕುಲಾವಿ ಇತ್ತು. ನಾನು ಒಂದು ಮಾತು ಅಂದರೆ ಮಾವನವರನ್ನು ಇಳಿಸುತ್ತಾರೆ, ಪೊಲೀಸರು ಬರುತ್ತಾರೆ, ಅಪ್ಪನನ್ನು ಬಿಟ್ಟು ಮಗಳು ಹೋಗುವುದಿಲ್ಲ. ಅಲ್ಲಿ ಹನ್ನೊಂದು ವರ್ಷದ ಮೇಲೆ ಕಟ್ಟಿದ ತೊಟ್ಟಿಲು ಕಾಯುತ್ತಿರುತ್ತೆ.

"ಹಾಗಾದರೆ," ಅಂದೆ ಗುಮಾಸ್ತನಿಗೆ, "ನಾನು ಬೇರೆ ಈಶ್ವರಯ್ಯ ಇರಬೇಕು."

ಕಿಟಕಿಯಿಂದ ಅವಳಿಗೆ ಹೋಗು ಹೋಗು ಅಂತ ಕೈಯಾಡಿಸಿದೆ. ಹತ್ತಿದಳು. ವಿಮಾನ ಧೂಳೆಬ್ಬಿಸಿಕೊಂಡು ಓಡಿ ಎದ್ದು ಹಾರಿತು. ನಾನು ಅಭ್ಯಾಸಬಲದಿಂದ ಗಡಿಯಾರ ನೋಡಿದೆ. ಮೂರು ಗಂಟೆ ಆರು ನಿಮಿಷ.

ಸಂಜೆಯ ರೈಲಿಗೆ ಜಾಗ ಸಿಕ್ಕಿತು. ಮಾರನೇ ದಿನ ಷಡಕ್ಷರಿಯ ಮನೆ ಹುಡುಕಿಕೊಂಡು ಹೋಗಿ ತಲುಪಿದಾಗ ಹತ್ತೂವರೆ. ಶಾಸ್ತ್ರ ಮುಗಿದು ಎಲೆ ಹಾಕುತ್ತಿದ್ದರು. ಮಗುವಿಗೆ ನಮ್ಮ ಅತ್ತೆಯವರ ಹೆಸರು, ಗಂಗಾಂಬಿಕೆ ಅಂತ ಇಟ್ಟಿದ್ದರು. ಬಸವಲಿಂಗಮ್ಮ ಮಗುವನ್ನು ನನ್ನ ಮಸಿ ಹಿಡಿದ ತೋಳಿಗೆ ಕೊಟ್ಟಳು. ನೀವು ಕೂಗಿಬಿಡ್ತೀರೇನೋ ಅಂತ ಜೀವ ಹೊಡ್ಕೊಳ್ತಿತ್ತು ಅಂತ ಮೆಲ್ಲಗೆ ಹೇಳಿ, ಎಲೆಗೆ ಎಲ್ಲರಿಗಿಂತ ಎರಡು ಹೋಳಿಗೆ ಜಾಸ್ತಿ ಹಾಕಿದಳು. ಅಷ್ಟು ಸಾಕಾಗಿತ್ತು. ಆದರೆ ನನ್ನ ನಾಲಿಗೆ ಸುಮ್ಮನಿರಲಿಲ್ಲ. ವಿಮಾನ ಸರಿಯಾಗಿ ಎಷ್ಟು ಹೊತ್ತು ತೆಗೆದುಕೊಂಡಿತು ಅಂತ ಕೇಳಿದೆ.

ಅವಳು ಗಡಿಯಾರ ನೋಡಿರಲಿಲ್ಲ. ಹತ್ತಿ ಕೂತವಳಿಗೆ ಮೂರು ದಿನದ ಆಯಾಸಕ್ಕೆ ಚೆನ್ನಾಗಿ ನಿದ್ದೆ ಬಂತಂತೆ. ಮಾವನವರನ್ನು ಕೇಳಿದೆ. ಪಕ್ಕದ ಸೀಟಿನಲ್ಲಿ ಒಬ್ಬ ಮದರಾಸಿನ ಸೇಟು ಸಿಕ್ಕಿದ್ದನಂತೆ, ಅವನ ಜೊತೆ ಕೊಬ್ಬರಿ ವ್ಯಾಪಾರದ ಮಾತು ಕುದುರಿ ಮುಗಿಯುವ ಹೊತ್ತಿಗೆ ಊರು ಬಂದುಬಿಟ್ಟಿತಂತೆ. ಒಂದು ವ್ಯಾಪಾರದ ಹೊತ್ತು ಅಂತ ಬರೆದುಕೊಳ್ಳಿ ಅಳಿಯಂದ್ರೇ ಅಂದರು.

ನಾವು ಊರಿಗೆ ವಾಪಸು ಬಂದದ್ದು ರೈಲಿನಲ್ಲಿ. ಒಂದು ವಾರದ ಮೇಲೆ ಸ್ಕೂಲಿಗೆ ವಿದ್ಯಾ ಇಲಾಖೆಯ ಇನ್ಸ್‌ಪೆಕ್ಟರ ತನಿಖೆ ಬಂತು. ವಿಮಾನ ಹತ್ತಿದವರೊಬ್ಬರು ನಮ್ಮ ಉಪಾಧ್ಯಾಯರ ಮನೆಯಲ್ಲೇ ಇದ್ದಾರೆ ಅಂತ ನಂಜಯ್ಯನವರು ಉತ್ಸಾಹದಿಂದ ಹೇಳಿಬಿಟ್ಟರು. ಇನ್ಸ್‌ಪೆಕ್ಟರು, ಹಾಗಾದರೆ ಇವತ್ತಿನ ಭೂಗೋಳದ ಪಾಠ ಆಕೆಯೇ ಮಾಡಲಿ ಅಂದರು. ಕರೆಯಲು ನನ್ನನ್ನೇ ಕಳಿಸಿದರು. ಇವಳು ಒಲ್ಲೆ ಅನ್ನುತ್ತಾಳೆ ಅಂತ ನೆಚ್ಚಿಕೊಂಡು ಹೋದೆ. ಇವಳು ಒಗ್ಗರಣೆ ಇಳಿಸಿ, ಸೀರೆ ಬದಲಾಯಿಸಿ, ನಡೀರಿ ಅಂದಳು.

ಗೋಡೆಯ ಮೊಳೆ ಹಾಳಾಗಿತ್ತು. ಆದ್ದರಿಂದ ನಕ್ಷೆಯನ್ನು ನಾನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತೆ. ಅದರ ಹಿಂದೆ ನಾನು ಪೂರ್ತಿ ಮುಚ್ಚಿಹೋಗಿದ್ದೆ, ಬೆರಳುಗಳು ಮಾತ್ರ ಕಾಣುತ್ತಿದ್ದವು. ಬಸವಲಿಂಗಮ್ಮ ನಕ್ಷೆಯ ಕಡೆ ತಿರುಗಲೂ ಇಲ್ಲ. ಮೇಲಿಂದ ನೋಡಿದರೆ ಕೆರೆಗಳು ಊಟದ ಎಲೆಗೆ ಬಿದ್ದ ತುಪ್ಪದ ಹನಿಯ ಹಾಗೆ ಹೊಳೀತವೆ, ಕಿವಿಗೆ ಹತ್ತಿ ಕೊಡ್ತಾರೆ, ಇಳಿಯುವಾಗ ಹೊಟ್ಟೆ ಒಂದು ಚೂರು ಮೇಲೆ ಬರುತ್ತೆ, ಹೆದರಬೇಡಿ ಅಂದಳು. (ನಿದ್ದೆ ಬಂದವಳಿಗೆ ಇಷ್ಟೆಲ್ಲ ಕಂಡದ್ದು ಹೇಗೆ ಅಂತ ನಕ್ಷೆಯ ಹಿಂದಿನಿಂದ ಕೇಳುವ ಧೈರ್ಯ ನನಗಾಗಲಿಲ್ಲ.) ಕ್ಲಾಸಿನಲ್ಲಿ ಒಂದು ಮಗು ಅಲುಗಾಡಲಿಲ್ಲ. ನನ್ನ ಹದಿನಾಲ್ಕು ವರ್ಷದಲ್ಲಿ ನಾನು ಕಾಣದ ನಿಶ್ಶಬ್ದ.

ಕೊನೆಗೆ ಇನ್ಸ್‌ಪೆಕ್ಟರೇ ಒಂದು ಪ್ರಶ್ನೆ ಕೇಳಿದರು. ಮದರಾಸು ಬಹಳ ದೂರವೇ ತಾಯಿ ಅಂತ.

"ದೂರ ಏನಿಲ್ಲ ಸ್ವಾಮಿ," ಅಂದಳು ಬಸವಲಿಂಗಮ್ಮ. "ಬೆಂಗಳೂರು ಸೇರೋದೇ ಕಷ್ಟ. ಅದನ್ನ ನಮ್ಮನೆಯವರನ್ನ ಕೇಳಿ, ಅವರಿಗೆ ಚೆನ್ನಾಗಿ ಗೊತ್ತು."

ಇನ್ಸ್‌ಪೆಕ್ಟರು ನಗುತ್ತಲೇ ಎದ್ದರು. ಅವರು ಹೋದ ಮೇಲೆ ನಂಜಯ್ಯನವರು ತನಿಖೆಯ ಪುಸ್ತಕವನ್ನು ತಂದು ನನ್ನ ಮುಂದೆ ತೆರೆದಿಟ್ಟರು. ಅದರಲ್ಲಿ ಹೀಗೆ ಬರೆದಿತ್ತು: ಭೂಗೋಳದ ಪಾಠ ಅತ್ಯುತ್ತಮ, ಉಪಾಧ್ಯಾಯರು ನಕ್ಷೆಯನ್ನು ನೇರವಾಗಿ ಹಿಡಿದಿದ್ದರು.